ನೂರೈವತ್ತೊಂಬತ್ತನೆಯ ಜೇಕು

ಅರವತ್ತೊಂದು ಹಾಳೆಗಳು ಎರಡು ರಟ್ಟಿನ ಪೆಟ್ಟಿಗೆಗಳಲ್ಲಿ ನಮ್ಮ ಮನೆಗೆ ಬಂದದ್ದು ಕೋವಿಡ್‌ನ ಎರಡನೇ ವರ್ಷದ ಅಕ್ಟೋಬರ್‌ನಲ್ಲಿ. ಪ್ರತಿ ಹಾಳೆಯ ಮೇಲೂ ಒಣಗಿಸಿ ಅಂಟಿಸಿದ ಒಂದೊಂದು ಜೇಕು. ಸ್ಯಾನ್ ಡಿಯಾಗೋದ ಒಂದು ಹರ್ಬೇರಿಯಂನಲ್ಲಿ, ಎಂದರೆ ಒಣಗಿಸಿದ ಗಿಡಗಳ ಸಂಗ್ರಹಾಲಯದಲ್ಲಿ, ನಾನು ಸಂಬಳವಿಲ್ಲದೆ ಇಂಥ ಹಾಳೆಗಳನ್ನು ನೋಡಿ, ಜಾತಿಯ ಹೆಸರು ನಿರ್ಧರಿಸಿ, ಲೇಬಲ್ ಬರೆಯುತ್ತಿದ್ದೆ. ಆಗ ಅಲ್ಲಿ ಹೊರಗಿನವರಿಗೆ ಪ್ರವೇಶವಿರಲಿಲ್ಲ. ಅಲ್ಲಿಯವರು ಮೈಕ್ರೊಸ್ಕೋಪನ್ನೂ ಪೆಟ್ಟಿಗೆಗಳನ್ನೂ ಫೋರ್ ಎಸ್ ರ್ಯಾಂಚ್‌ನಲ್ಲಿರುವ ಮಗಳ ಮನೆಗೆ ಕಳಿಸಿದರು. ಗ್ಯಾರೇಜಿನಲ್ಲಿ ಮೇಜು ಹಾಕಿಕೊಂಡೆ.

ಹುಳ ಸಾಯಲೆಂದು ಹಾಳೆಗಳನ್ನು ಮೊದಲು ಒಂದು ವಾರ ಫ್ರೀಜರಿನಲ್ಲಿ ಇಡಬೇಕು. ಗ್ಯಾರೇಜಿನ ಫ್ರೀಜರಿನ ಕೆಳಗಿನ ಎರಡು ಅರೆಗಳನ್ನು ತೆರವು ಮಾಡಿಸಿದೆ.

"ಅಮ್ಮ, ತೆಂಗಿನ್ತುರಿ ಎಲ್ಲಿಟ್ಟೆ?" ಎಂದಳು ಮಗಳು.

"ಅಡುಗೆಮನೆ ಫ್ರೀಜರ್‌ನಲ್ಲಿ. ಲೇಬಲ್ ಹಾಕಿದೀನಿ."

"ನಮಗೂ ಒಂದೊಂದು ಲೇಬಲ್ ಅಂಟಿಸ್ಬಿಡು. ಯಾರು ಯಾವ ಅರೆಯಲ್ಲಿ ಮಲಗ್ಬೇಕು ಅಂತ ಗೊತ್ತಾಗುತ್ತೆ."

ಅವಳು ತಮಾಷೆ ಮಾಡಿಕೊಳ್ಳಲಿ ಎಂದು ಬಿಟ್ಟೆ. ನನ್ನ ಕೆಲಸ ಎಂಟೂವರೆಗೆ ಶುರು, ಹನ್ನೆರಡಕ್ಕೆ ಮುಕ್ತಾಯ. ದಿನಕ್ಕೆ ಎರಡು ಹಾಳೆ. ಮೂರನೆಯದನ್ನು ಮುಟ್ಟುವುದಿಲ್ಲ, ಏಕೆಂದರೆ ಮೂರನೆಯದರ ಹೊತ್ತಿಗೆ ಕಣ್ಣು ನೋಡುವುದನ್ನು ಬಿಟ್ಟು ಊಹಿಸತೊಡಗುತ್ತದೆ. ಭಾನುವಾರ ರಜ.

ನಮ್ಮ ಕಡೆ ಜೇಕು ಎಂದರೆ ಎಷ್ಟು ಕಿತ್ತರೂ ಸಾಯದ ಹೊಲದ ಕಳೆ. ಈ ಹಾಳೆಗಳಲ್ಲಿದ್ದವು ಅದರ ದೂರದ ದಾಯಾದಿಗಳು. ಸಿಯೆರಾ ಬೆಟ್ಟಸಾಲಿನ ಮೇಲೆ, ಮರಗಳು ಬೆಳೆಯುವುದು ನಿಲ್ಲುವ ಎತ್ತರದಲ್ಲಿ, ಹಿಮ ಕರಗಿ ಹರಿಯುವ ಹೊಳೆಗಳ ದಂಡೆಯಲ್ಲಿ ಬೆಳೆಯುತ್ತವೆ. ಅಲ್ಲಿ ಹಿಮವಿಲ್ಲದ ಕಾಲವೇ ಸುಮಾರು ಎರಡು ತಿಂಗಳು. ಅಷ್ಟರಲ್ಲಿ ಚಿಗುರಿ, ತೆನೆಯಾಗಿ, ಕಾಯಿ ಬಲಿಯಬೇಕು. ಕಾಯಿ ಬಲಿಯದ ಜೇಕಿಗೆ ಹೆಸರು ಹೇಳುವುದು ಆಗದ ಮಾತು. ಎಲೆ ನೋಡಿದರೆ ಎಲ್ಲವೂ ಹುಲ್ಲು. ಪ್ರತಿ ಕಾಯಿಯನ್ನು ಸುತ್ತಿ ಒಂದು ಪುಟ್ಟ ಚೀಲವಿರುತ್ತದೆ. ಅದರ ಉದ್ದ, ಅಂಚಿನ ರೆಕ್ಕೆಯ ಅಗಲ, ಮೈಮೇಲಿನ ನರಗಳು, ತುದಿಯ ಕೊಕ್ಕು, ಇವೇ ಸಾಕ್ಷಿ. ಮಿಲಿಮೀಟರಿನ ಹತ್ತನೇ ಭಾಗದಲ್ಲಿ ತೀರ್ಪಾಗುತ್ತದೆ.

ಈ ಹಾಳೆಗಳನ್ನು ಸಂಗ್ರಹಿಸಿದವಳು ಗದಗಿನ ಕಡೆಯ ಹುಡುಗಿ. ಲಾಂಗ್ ಬೀಚ್‌ನಲ್ಲಿ ಬಾಡಿಗೆ ಕೋಣೆ, ಲಾಸ್ ಏಂಜಲಿಸ್‌ನ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ. ಅವಳ ಪ್ರಬಂಧವಿಡೀ ಒಂದೇ ನದಿಕಣಿವೆಯ ಜೇಕುಗಳ ಮೇಲೆ. ಅಲ್ಲಿ ಇದುವರೆಗೆ ಯಾರೂ ಕಾಣದ ಒಂದು ಅಪರೂಪದ ಜೇಕು ಹೊಳೆಯ ಮೇಲಿನ ತಿರುವಿನಲ್ಲಿ ಇದೆ ಎಂಬುದು ಅವಳ ವಾದ. ಅದೇ ಹೊಳೆಯ ಕೆಳಗಿನ ತಿರುವುಗಳಲ್ಲಿ ಅದನ್ನೇ ಹೋಲುವ ಸಾಮಾನ್ಯ ಜೇಕು ಧಾರಾಳವಾಗಿದೆ. ಲ್ಯಾಟಿನ್ ಹೆಸರುಗಳು ಇಲ್ಲಿ ಬೇಡ. ಒಂದನ್ನು ಸಾಮಾನ್ಯದ್ದು, ಇನ್ನೊಂದನ್ನು ಅಪರೂಪದ್ದು ಎಂದೇ ಕರೆಯುತ್ತೇನೆ. ಅವಳ ಮಾರ್ಗದರ್ಶಕ ಪ್ರೊಫೆಸರ್, ಅಮೆರಿಕದವರು, ಪೆಟ್ಟಿಗೆಗಳು ಬರುವ ಮೊದಲೇ ಫೋನಿನಲ್ಲಿ ನನಗೆ ಸ್ಪಷ್ಟವಾಗಿ ಹೇಳಿದ್ದರು: ಅಪರೂಪದ್ದು ಖಚಿತವಾದರೆ ಅವಳ ಫೀಸು, ಸಂಬಳ ಎರಡನ್ನೂ ಕೊಡುವ ಅಸಿಸ್ಟೆಂಟ್‌ಶಿಪ್ ಮುಂದುವರಿಯುತ್ತದೆ. ಇಲ್ಲವಾದರೆ ಪ್ರಬಂಧದಲ್ಲಿ ಹೊಸದೇನೂ ಉಳಿಯುವುದಿಲ್ಲ, ಆ ಸ್ಥಾನ ಬೇರೆಯವರಿಗೆ ಹೋಗುತ್ತದೆ. ಅಸಿಸ್ಟೆಂಟ್‌ಶಿಪ್ ಹೋದರೆ ಅವಳು ಓದು ಬಿಡಬೇಕು. ಓದು ಬಿಟ್ಟರೆ ವಿದ್ಯಾರ್ಥಿ ವೀಸಾದ ಪ್ರಕಾರ ಹದಿನೈದು ದಿನದಲ್ಲಿ ದೇಶ ಬಿಡಬೇಕು.

ಕಣಿವೆಗೆ ಹೋಗುವ ಮುಂಚೆ, ಜುಲೈನಲ್ಲಿ, ಅವಳು ನಮ್ಮ ಮನೆಗೆ ಪೇಪರ್ ತೆಗೆದುಕೊಳ್ಳಲು ಬಂದಿದ್ದಳು. ಗಿಡ ಒಣಗಿಸಲು ನ್ಯೂಸ್‌ಪೇಪರ್ ಬೇಕು. ಇಲ್ಲಿ ಯಾರ ಮನೆಗೂ ಪೇಪರ್ ಬರುವುದಿಲ್ಲ. ಇಂಡಿಯನ್ ಗ್ರಾಸರಿ ಅಂಗಡಿಯ ಬಾಗಿಲಲ್ಲಿ ಪುಕ್ಕಟೆ ಇಡುವ ವಾರಪತ್ರಿಕೆಯನ್ನು ನಾನು ವರ್ಷವಿಡೀ ಕೂಡಿಸಿಡುತ್ತೇನೆ. ಒಡವೆ ಅಂಗಡಿ, ಜ್ಯೋತಿಷಿ, ಮನೆ ಮಾರುವವರ ಜಾಹೀರಾತುಗಳೇ ತುಂಬಿದ ಪೇಪರ್. ಜೋಡಿ ಹಾಳೆ ನಲವತ್ತೆರಡು ಎಣಿಸಿ ಕೊಟ್ಟೆ.

"ಇಷ್ಟು ಸಾಕಾಗ್ತಾವೇನ್ರಿ ಆಂಟಿ? ಅರವತ್ತರ ಮ್ಯಾಲ ಆಗ್ತಾವು ಗಿಡ."

"ಬೆನ್ನ ಮೇಲೆ ಹೊರೋಳು ನೀನು. ಮೊದಲನೇದು ಒಣಗಿದ ಮೇಲೆ ಗಿಡ ತೆಗೆದು ತೆಳು ಕಾಗದಕ್ಕೆ ಹಾಕು, ಪೇಪರ್ ಕೊಡವಿ ಮತ್ತೆ ಬಳಸು. ನಮ್ಮ ಕಾಲದಲ್ಲಿ ಒಂದೇ ಪೇಪರ್‌ನಲ್ಲಿ ಗಿಡ ತರೋ ಮೂರು ಟೂರ್ ಮುಗಿಸ್ತಿದ್ವಿ."

"ಆತ್ರಿ."

"ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ನಂಬರ್ ಬರಿ. ಮತ್ತೆ ಬಳಸುವಾಗ ಹಳೇ ನಂಬರ್ ಅಳಿಸಬೇಡ, ಒಂದು ಗೆರೆ ಎಳಿ ಅಷ್ಟೆ. ಪೇಪರ್‌ಗಳ ಕ್ರಮ ತಪ್ಪಿಸಬೇಡ. ಕೆಲಸ ಎಲ್ಲ ಮುಗಿದ ಮೇಲೆ ಪೇಪರ್ ವಾಪಸ್ ತಂದುಕೊಡು."

"ಹರದಿದ್ದೂನೂ ತರಬೇಕೇನ್ರಿ?"

"ಹರಿಯದ ಹಾಗೆ ನೋಡಿಕೋ."

ಅವಳು ನಕ್ಕಳು. ನಾನು ನಗಲಿಲ್ಲ.

ನಾನು ಕಲಿತ ಹರ್ಬೇರಿಯಂನಲ್ಲಿ ಇನ್ನೊಂದು ನಿಯಮವಿತ್ತು. ಹಾಳೆಯ ಮೇಲಿನ ಗಿಡದಿಂದ ಏನನ್ನೂ ಕೀಳಬಾರದು. ಒಣಗುವಾಗ ಉದುರಿದ ಕಾಯಿ, ಎಲೆಚೂರುಗಳನ್ನು ಕಾಗದದ ಪೊಟ್ಟಣದಲ್ಲಿ ಹಾಕಿ ಹಾಳೆಯ ಮೂಲೆಗೆ ಅಂಟಿಸಿರುತ್ತಾರೆ. ಅಳತೆಗೆ ಬೇಕಾದ್ದನ್ನು ಆ ಪೊಟ್ಟಣದಿಂದಲೇ ತೆಗೆದುಕೊಳ್ಳಬೇಕು. ನೋಡಿದವರೆಲ್ಲ ಒಂದೊಂದು ಕಿತ್ತರೆ ಐವತ್ತು ವರ್ಷದಲ್ಲಿ ಹಾಳೆಯ ಮೇಲೆ ಕಡ್ಡಿ ಮಾತ್ರ ಉಳಿಯುತ್ತದೆ. ಈ ನಿಯಮವನ್ನು ಮುರಿದ ಸಹೋದ್ಯೋಗಿಯೊಬ್ಬನನ್ನು ನಮ್ಮ ಮೇಲಧಿಕಾರಿ ಎಲ್ಲರೆದುರು ನಿಲ್ಲಿಸಿ ಬೈದದ್ದನ್ನು ನಾನು ಮರೆತಿಲ್ಲ. ಅಂದು ಬೈದದ್ದು ಸರಿ ಎಂದೇ ನನಗೆ ಅನಿಸಿತ್ತು.

ಗ್ಯಾರೇಜಿನಲ್ಲಿ ಅವಳ ಮೊದಲ ನಂಬರ್ ನೂರಾ ಒಂದರಿಂದ ಶುರುಮಾಡಿದೆ. ಅವಳ ಕೆಲಸ ಅಚ್ಚುಕಟ್ಟಾಗಿತ್ತು. ಬೇರು ಸಮೇತ ಅಗೆದಿದ್ದಳು, ಮಣ್ಣು ತೊಳೆದಿದ್ದಳು. ನೀರಿನಿಂದ ಎಷ್ಟು ದೂರ, ಮರಳೋ ಜಲ್ಲಿಯೋ, ಬಿಸಿಲೋ ಪೊದೆಯ ನೆರಳೋ ಎಲ್ಲವನ್ನೂ ಬರೆದಿದ್ದಳು. ನವೆಂಬರ್ ಮುಗಿಯುವ ಹೊತ್ತಿಗೆ ಕೊನೆಯ ಮೂರು ಹಾಳೆಗಳು ಉಳಿದವು: ನೂರೈವತ್ತೊಂಬತ್ತು, ನೂರರವತ್ತು, ನೂರರವತ್ತೊಂದು. ಕೊನೆಯ ದಿನ ಮೇಲಿನ ತಿರುವಿನಲ್ಲಿ ಸಿಕ್ಕವು. ಅಪರೂಪದ್ದು ಎಂದು ಅವಳು ಹೇಳುತ್ತಿದ್ದದ್ದು ಇವನ್ನೇ. ಪ್ರತಿ ಹಾಳೆಯಲ್ಲೂ ಎರಡೇ ಕಡ್ಡಿ. ಕಾಯಿಗಳು ಕಂದು ಹೊಟ್ಟಿನ ಒಳಗೆ ಅಡಗಿದ್ದವು, ಭೂತಗನ್ನಡಿಗೆ ಕೊಕ್ಕು ಮಾತ್ರ ಕಾಣುತ್ತಿತ್ತು.

ಪೊಟ್ಟಣ ಬಿಡಿಸಿದೆ. ಪ್ರತಿಯೊಂದರಿಂದ ಹತ್ತು ಕಾಯಿಚೀಲ ಅಳೆದೆ. ಎಲ್ಲವೂ ನಾಲ್ಕು ಮಿಲಿಮೀಟರಿಗಿಂತ ಕಡಿಮೆ, ಒಳಮೈಯಲ್ಲಿ, ಎಂದರೆ ದಂಟಿನ ಕಡೆಗಿರುವ ಮೈಯಲ್ಲಿ, ಎದ್ದು ಕಾಣುವ ನರಗಳು. ಸಾಮಾನ್ಯದ್ದು. ಅಪರೂಪದ್ದು ಐದರ ಹತ್ತಿರ ಇರಬೇಕು, ನರಗಳು ಇರಬಾರದು. ಮೂರು ಹಾಳೆ, ಮೂವತ್ತು ಅಳತೆ, ಒಂದೇ ಉತ್ತರ. ಇಷ್ಟು ಒಮ್ಮತ ನನ್ನ ಕೆಲಸದಲ್ಲಿ ಅಪರೂಪ. ತೃಪ್ತಿಯಿಂದಲೇ ಲೇಬಲ್ ಬರೆದು, ಅವಳು ಅಂಟಿಸಿದ್ದ ಹೆಸರಿನ ಮೇಲ್ಗಡೆ ಅಂಟಿಸಿದೆ.

ಸುದ್ದಿ ತಿಳಿದು ಅವಳೇ ಫೋನ್ ಮಾಡಿದಳು.

"ಆಂಟಿ, ಹಸಿ ಇದ್ದಾಗ ನಾ ಅಲ್ಲೇ ಲೆನ್ಸ್ ಹಚ್ಚಿ ನೋಡೀನ್ರಿ. ನರ ಇದ್ದಿದ್ದಿಲ್ಲ. ದೊಡ್ಡವ ಇದ್ದುವು."

"ಫೋಟೋ ಇದೆಯಾ?"

"ಫೋನಿನ ಚಾರ್ಜ್ ಮುಗದಿತ್ರಿ. ನಾಕನೇ ದಿನ ಅದು."

"ಅಂದಮೇಲೆ ಪೊಟ್ಟಣ ಹೇಳಿದ್ದೇ ಸರಿ."

"ಒಂದ್ ಮಾತ್ ಕೇಳ್ಲೇನ್ರಿ? ತೆನಿಯಾಗಿಂದು ಒಂದ ಒಂದು ಕಿತ್ತು ನೋಡ್ರಿ. ಒಂದ."

"ಇರೋದೇ ಎರಡು ಕಡ್ಡಿ. ಇದು ಹರ್ಬೇರಿಯಂ ಹಾಳೆ, ಬೇಕಾದಾಗ ಚಿವುಟಿಕೊಳ್ಳೋಕೆ ಕೊತ್ತಂಬರಿ ಕಟ್ಟಲ್ಲ."

ಆ ಕಡೆ ಮೂಗು ಎಳೆಯುವ ಸದ್ದು ಕೇಳಿತು. "ಅಳಬೇಡ," ಎಂದೆ. "ಹಾಳೆ ಮುಂದೆ ಕೂತು ಅಳೋರಿಗೆ ಈ ಕೆಲಸ ಅಲ್ಲ."

ಮಾರ್ಚ್‌ನಲ್ಲಿ ಅವಳ ಪ್ರಬಂಧದ ಸಮಿತಿಯ ಸಭೆ ಝೂಮ್‌ನಲ್ಲಿ ನಡೆಯಿತು. ನನ್ನನ್ನೂ ಕರೆದಿದ್ದರು. ಸಂಗ್ರಹಿಸಿದವಳೇ ಹಸಿ ಗಿಡ ನೋಡಿದ್ದೇನೆ ಎನ್ನುತ್ತಿದ್ದಾಳೆ, ಅದಕ್ಕೆ ಏನು ಬೆಲೆ ಎಂದು ಪ್ರೊಫೆಸರ್ ಕೇಳಿದರು. ಬೇಕಾದದ್ದನ್ನೇ ಕಾಣುವ ಕಣ್ಣಿಗೆ ಏನು ಬೆಲೆಯೋ ಅಷ್ಟೇ ಎಂದೆ. ಇಂಗ್ಲಿಷಿನಲ್ಲಿ ಹೇಳಿದೆ, ನಿಧಾನವಾಗಿ ಹೇಳಿದೆ, ಎಲ್ಲರೂ ಬರೆದುಕೊಂಡರು. ಸಣ್ಣ ಚೌಕದಲ್ಲಿ ಅವಳು ನೆಟ್ಟಗೆ ಕೂತಿದ್ದಳು. ಮೈಕ್ ಆಫ್ ಆಗಿತ್ತು. ಆಮೇಲೆ ಕ್ಯಾಮೆರಾ ಕೂಡ.

ಜೂನ್ ಮೊದಲ ವಾರ ಅವಳು ನಮ್ಮ ಮನೆಗೆ ಬಂದಳು. ಅಸಿಸ್ಟೆಂಟ್‌ಶಿಪ್ ಹೋಗಿತ್ತು. ಹಿಂದಿನ ದಿನ ಓದು ಬಿಟ್ಟ ಕಾಗದಗಳಿಗೆ ಸಹಿ ಹಾಕಿದ್ದಳು. ಲಾಂಗ್ ಬೀಚ್‌ನ ಕೋಣೆ ಖಾಲಿ ಮಾಡಿ ಲಾಸ್ ಏಂಜಲಿಸ್ ಏರ್‌ಪೋರ್ಟಿನ ಪಕ್ಕದ ಎಲ್ ಸೆಗುಂಡೋದಲ್ಲಿ ಗೆಳತಿಯ ಅಪಾರ್ಟ್‌ಮೆಂಟಿನ ಸೋಫಾದ ಮೇಲೆ ಮಲಗುತ್ತಿದ್ದಳು. ಅಲ್ಲಿಂದ ಎರಡೂವರೆ ಗಂಟೆ ಡ್ರೈವ್ ಮಾಡಿಕೊಂಡು ಬಂದದ್ದು ಪೇಪರ್ ವಾಪಸ್ ಕೊಡಲು. ಜೊತೆಗೆ ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ತಂದಿದ್ದಳು.

ನಾನು ಪೇಪರ್ ಎಣಿಸಿದೆ. "ನಲವತ್ತೊಂದಿದೆ."

"ಒಂದು ಗಾಳಿಗೆ ಹೋತ್ರಿ. ಕಡೀ ದಿನ, ಇಳಿಯುವಾಗ."

"ಯಾವ ನಂಬರಿಂದು?"

"ನೂರಾ ಇಪ್ಪತ್ತರದು ಇರಬೇಕ್ರಿ. ಅದರ ಹಿಂದ ಓಡಿ ಹೋಗಿ ಬಿದ್ದೆ ಆಂಟಿ. ಮೊಣಕಾಲ ಒಡಕೊಂಡೆ." ಹೇಳಿ ತಾನೇ ನಕ್ಕಳು. "ನೀವು ಬೈತೀರಿ ಅಂತ ಓಡಿದ್ದು."

ಮಗಳು ಒಳಗಿನಿಂದ ಕಾಫಿ ತಂದಳು. "ಕೂತ್ಕೋಮ್ಮಾ. ಇವ್ರು ಪೇಪರ್ ಎಣಿಸ್ಲಿ, ನೀನು ಕಾಫಿ ಕುಡಿ. ಯಾವಾಗ ಹೊರಡೋದು?"

"ಇನ್ನ ಹದಿನಾಲ್ಕು ದಿನ ಅದಾವ್ರಿ ಅಕ್ಕ. ಕಡೀ ದಿನದ ಟಿಕೆಟ್ ಸೋವಿ ಇತ್ತು."

ಹೊರಡುವಾಗ ಬಾಗಿ ನನ್ನ ಕಾಲು ಮುಟ್ಟಿದಳು. ಮೊಣಕಾಲು ಪೂರ್ತಿ ಮಡಚುತ್ತಿರಲಿಲ್ಲ. "ಮುಂದೇನಾದರೂ ಮಾಡುವಾಗ ಫೋನ್ ಚಾರ್ಜ್ ಇಟ್ಟುಕೋ," ಎಂದೆ.

ಮರುದಿನ ಬೆಳಿಗ್ಗೆ ಎಂಟೂವರೆಗೆ ಆ ಪೇಪರ್‌ಗಳನ್ನು ಇಸ್ತ್ರಿ ಮಾಡಿ ಜೋಡಿಸಲು ಕೂತೆ. ಅವಳು ನಾನು ಹೇಳಿದ ಹಾಗೆಯೇ ಮಾಡಿದ್ದಳು. ಅಂಚಿನಲ್ಲಿ ಹಳೆಯ ನಂಬರಿನ ಮೇಲೆ ಒಂದು ಗೆರೆ, ಪಕ್ಕದಲ್ಲಿ ಹೊಸ ನಂಬರ್. ನೂರಾ ಒಂದು ಹೊಡೆದು ನೂರ ನಲವತ್ತಮೂರು. ನೂರಾ ಎರಡು ಹೊಡೆದು ನೂರ ನಲವತ್ತನಾಲ್ಕು. ಒಂದೂ ಕ್ರಮ ತಪ್ಪಿರಲಿಲ್ಲ. ಹದಿನೇಳನೆಯ ಪೇಪರ್ ಕೈಗೆ ಬಂತು. ಒಡವೆ ಅಂಗಡಿಯ ಜಾಹೀರಾತು. ಅಂಚಿನಲ್ಲಿ ನೂರಾ ಹದಿನೇಳು ಹೊಡೆದು, ನೂರೈವತ್ತೊಂಬತ್ತು.

ನೂರಾ ಹದಿನೇಳು ಯಾವುದೆಂದು ನನಗೆ ಟಿಪ್ಪಣಿ ಪುಸ್ತಕ ನೋಡದೆಯೇ ಗೊತ್ತಿತ್ತು. ಕೆಳಗಿನ ತಿರುವಿನ ಸಾಮಾನ್ಯ ಜೇಕು. ಹದಿನೆಂಟು, ಹತ್ತೊಂಬತ್ತು ಕೂಡ ಅದೇ.

ಮಡಿಕೆಯನ್ನು ಬಿಡಿಸಿ ಬಿಳಿ ತಟ್ಟೆಯ ಮೇಲೆ ತಟ್ಟಿದೆ. ಇನ್ನೂ ನಾಲ್ಕು ಕಾಯಿಚೀಲಗಳು ಬಿದ್ದವು. ರೆಕ್ಕೆಯ ಅಂಚು ಗರಗಸದ ಹಾಗಿರುತ್ತದೆ, ಒರಟು ಪೇಪರಿಗೆ ಕಚ್ಚಿಕೊಳ್ಳುತ್ತದೆ. ಕೊಡವಿದರೆ ಹೋಗುವುದಿಲ್ಲ.

ಏನಾಗಿದೆ ಎಂಬುದು ಕೂತಲ್ಲೇ ತಿಳಿಯಿತು. ಕೆಳಗಿನ ತಿರುವಿನಲ್ಲಿ ಹಿಮ ಬೇಗ ಕರಗುತ್ತದೆ, ಅಲ್ಲಿಯ ಜೇಕು ಪೂರ್ತಿ ಬಲಿತಿತ್ತು, ಪೇಪರಿನಲ್ಲಿ ಧಾರಾಳವಾಗಿ ಉದುರಿತ್ತು. ಮೇಲಿನ ತಿರುವಿನದು ಆಗಷ್ಟೇ ಬಲಿಯುತ್ತಿತ್ತು, ಒಂದೂ ಉದುರಿರಲಿಲ್ಲ. ಅದೇ ಪೇಪರಿನಲ್ಲಿ ಇದನ್ನು ಒಣಗಿಸಿ, ಮಡಿಕೆಯಲ್ಲಿ ಸಿಕ್ಕದ್ದನ್ನು ಇದರ ಪೊಟ್ಟಣಕ್ಕೆ ಹಾಕಿದ್ದಳು. ಪೇಪರ್‌ಗಳ ಕ್ರಮ ಒಂದಿಷ್ಟು ತಪ್ಪಿದ್ದರೂ ಮೂರು ಪೊಟ್ಟಣಗಳಲ್ಲಿ ಮೂರು ಬೇರೆ ಬೇರೆ ಕಾಯಿಗಳು ಸಿಕ್ಕು ನನಗೆ ಅನುಮಾನ ಬರುತ್ತಿತ್ತು. ಪೇಪರ್ ಮತ್ತೆ ಬಳಸು ಎಂದದ್ದು ನಾನು. ಕ್ರಮ ತಪ್ಪಿಸಬೇಡ ಎಂದದ್ದು ನಾನು. ಗಿಡ ಮುಟ್ಟದೆ ಪೊಟ್ಟಣವನ್ನೇ ನಂಬಿದ್ದೂ ನಾನೇ.

ಪೆಟ್ಟಿಗೆಗಳು ಇನ್ನೂ ನನ್ನಲ್ಲೇ ಇದ್ದವು. ನೂರೈವತ್ತೊಂಬತ್ತನೆಯ ಹಾಳೆಯನ್ನು ಮೈಕ್ರೊಸ್ಕೋಪಿನ ಕೆಳಗೆ ಇಟ್ಟೆ. ಚಿಮಟದಿಂದ ತೆನೆಯ ನಡುವಿನ ಒಂದು ಹೊಟ್ಟನ್ನು ಸರಿಸಿ, ಕಾಯಿಚೀಲ ಒಂದನ್ನು ಹಿಡಿದು ಎಳೆದೆ. ತಟ್ಟನೆ ಬಂತು. ಐದು ಮಿಲಿಮೀಟರಿಗೆ ಅಳತೆಪಟ್ಟಿಯ ಒಂದು ಗೆರೆ ಕಡಿಮೆ. ಒಳಮೈ ನುಣುಪಾಗಿತ್ತು.

ಆಗ ಗಂಟೆ ಒಂಬತ್ತೂ ಕಾಲು. ಪ್ರೊಫೆಸರ್ ಒಂಬತ್ತಕ್ಕೆ ಆಫೀಸಿಗೆ ಬರುತ್ತಾರೆ. ಫೋನು ಮೇಜಿನ ಮೇಲೇ ಇತ್ತು. ಅವಳ ಹದಿನಾಲ್ಕು ದಿನಗಳಲ್ಲಿ ಹೋದದ್ದು ಒಂದು.

ನಾನು ಫೋನ್ ಎತ್ತಲಿಲ್ಲ. ಒಮ್ಮೆ ತಪ್ಪಿದವಳು ಎರಡನೇ ಬಾರಿ ಅವಸರದಲ್ಲಿ ತಪ್ಪಬಾರದು ಎಂದು ಅಂದುಕೊಂಡೆ. ಮತ್ತೆ ಬಳಸಿದ ಪೇಪರಿನಲ್ಲಿ ಒಣಗಿದ ಹಾಳೆಗಳು ಒಟ್ಟು ಹತ್ತೊಂಬತ್ತು. ಎಲ್ಲವನ್ನೂ ಮರುಪರೀಕ್ಷೆ ಮಾಡಬೇಕು, ಇನ್ನೊಬ್ಬ ತಜ್ಞರ ಒಪ್ಪಿಗೆ ಪಡೆಯಬೇಕು, ಆಮೇಲೆ ಲಿಖಿತವಾಗಿ ತಿಳಿಸಬೇಕು. ಕ್ರಮ ಅದು. ಈ ಕಾರಣ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಸಭೆಯಲ್ಲಿ ನಾನಾಡಿದ ಮಾತನ್ನು ಬರೆದುಕೊಂಡವರ ಮುಂದೆ ತಪ್ಪೊಪ್ಪಿಕೊಳ್ಳುವಾಗ ಆ ಕಾಗದದಲ್ಲಾದರೂ ಒಂದು ಅಕ್ಷರ ತಪ್ಪಿರಬಾರದು ಎಂಬ ಹಟ ಇತ್ತು.

ದಿನಕ್ಕೆ ಎರಡು ಹಾಳೆ. ಹತ್ತೊಂಬತ್ತು ಹಾಳೆಗೆ ಹತ್ತು ದಿನ, ನಡುವೆ ಒಂದು ಭಾನುವಾರ. ಮೂರನೇ ಹಾಳೆ ನೋಡಬಹುದಿತ್ತು. ನೋಡಲಿಲ್ಲ. ಹನ್ನೊಂದನೆಯ ದಿನ ರಾಜ್ಯದ ಉತ್ತರ ಭಾಗದ ಒಬ್ಬ ಹಿರಿಯ ಜೇಕು ತಜ್ಞರಿಗೆ ಕಾಯಿಚೀಲವನ್ನು ಅಂಚೆಯಲ್ಲಿ ಕಳಿಸಿದೆ. ಫೋಟೋ ಇಮೇಲ್ ಮಾಡಬಹುದಿತ್ತು. ಫೋಟೋ ನೋಡಿ ಜೇಕಿಗೆ ಹೆಸರು ಹೇಳಬಾರದೆಂದು ನಾನೇ ಎಷ್ಟೋ ಜನಕ್ಕೆ ಬುದ್ಧಿ ಹೇಳಿದ್ದೆ.

ಈ ದಿನಗಳಲ್ಲಿ ಮಗಳು ಒಮ್ಮೆ ಕೇಳಿದಳು. "ಅಮ್ಮ, ಆ ಹುಡುಗಿ ಹೊರಡೋದು ಸೋಮವಾರ ಅಲ್ವಾ? ಏರ್‌ಪೋರ್ಟ್‌ಗೆ ಬಿಡೋಕೆ ಹೋಗ್ಲಾ?"

"ಅವಳ ಗೆಳತಿ ಇದಾಳಲ್ಲ."

"ನೀನೊಂದು ಫೋನ್ ಆದ್ರೂ ಮಾಡು."

"ಮಾಡೋಕೆ ಇನ್ನೂ ಕೆಲಸ ಮುಗಿದಿಲ್ಲ," ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ. ಆ ಸೋಮವಾರದ ಮುಂದೆ ನನ್ನ ಡೈರಿಯಲ್ಲಿ ನಾನೇ ಬರೆದಿದ್ದೆ: ವಿದ್ಯಾರ್ಥಿನಿ ಹೊರಡುವುದು.

ಇಪ್ಪತ್ತೊಂದನೆಯ ದಿನ ತಜ್ಞರ ಉತ್ತರ ಬಂತು. ಅಪರೂಪದ್ದೇ, ಅನುಮಾನವಿಲ್ಲ, ಯಾರು ಹುಡುಕಿದರೋ ಅವರಿಗೆ ಅಭಿನಂದನೆ ತಿಳಿಸಿ. ಎರಡು ಪುಟದ ಕಾಗದ ಬರೆದು ಪ್ರೊಫೆಸರರಿಗೆ ಕಳಿಸಿ, ಆಮೇಲೆ ಫೋನ್ ಮಾಡಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಅವಳು ಈ ದೇಶದಲ್ಲಿ ಇರುವಾಗಲೇ ತಿಳಿಸಿದ್ದರೆ ಓದು ಬಿಟ್ಟದ್ದನ್ನು ರದ್ದು ಮಾಡಿಸುತ್ತಿದ್ದೆ, ಸ್ಥಾನವೂ ಹೋದ ವಾರದವರೆಗೆ ಖಾಲಿಯಿತ್ತು ಎಂದರು. ನಾನು ಕಳಿಸಿದ್ದ ಪಟ್ಟಿಯಲ್ಲಿ ಪ್ರತಿ ಪರೀಕ್ಷೆಯ ದಿನಾಂಕವೂ ಇತ್ತು. ಮೊದಲನೆಯ ದಿನಾಂಕವನ್ನು ಅವರು ಗಟ್ಟಿಯಾಗಿ ಓದಿ ಫೋನ್ ಇಟ್ಟರು.

ಗದಗಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಾಗಿತ್ತು. ಹಿಂದೆ ಎಲ್ಲೋ ಕುಕ್ಕರ್ ಕೂಗುತ್ತಿತ್ತು. ಪೇಪರಿನ ಕಥೆಯನ್ನು ಮೊದಲಿನಿಂದ ಕ್ರಮವಾಗಿ ಹೇಳಿದೆ.

"ಪೇಪರ್ ನೋಡಿದ್ದು ಯಾವಾಗ್ರಿ ಆಂಟಿ?"

"ನೀನು ಬಂದು ಹೋದ ಮರುದಿನ."

"ಮುಂಜಾನೆನಾ?"

"ಹೌದು."

"ನಾ ಎಲ್ ಸೆಗುಂಡೋದಾಗ ಸೋಫಾದ ಮ್ಯಾಲ ಕುಂತಿದ್ದೆರಿ. ಹದಿಮೂರು ದಿನ. ಕೆಲಸ ಇದ್ದಿದ್ದಿಲ್ಲ. ವಿಮಾನ ಎಣಸ್ತಿದ್ದೆ."

ಮರುಪರೀಕ್ಷೆಯ ಕ್ರಮವನ್ನು ವಿವರಿಸತೊಡಗಿದೆ. ಅವಳು ಕೇಳಿದಳು, "ಕಿತ್ತು ನೋಡಿದ್ರೇನ್ರಿ ಕಡೀಕ?"

"ನೋಡಿದೆ."

"ಆ ಮುಂಜಾನೆ ಎಷ್ಟು ಕಿತ್ತಿರಿ?"

"ಒಂದು."

"ನಾನೂ ಒಂದ ಕೇಳಿದ್ದೆರಿ," ಎಂದಳು. ಧ್ವನಿ ಏರಲಿಲ್ಲ. ಒಲೆಯ ಮೇಲೆ ಅನ್ನ ಇದೆ, ಇಡುತ್ತೇನೆ ಎಂದು ಹೇಳಿ ಇಟ್ಟಳು. ಆಮೇಲೆ ನನ್ನ ಕರೆಗಳನ್ನು ಅವಳು ತೆಗೆದುಕೊಂಡಿಲ್ಲ.

ಮೂರು ಹಾಳೆಗಳಿಗೂ ಹೊಸ ಲೇಬಲ್ ಬರೆದೆ. ಹಳೆಯ ಲೇಬಲ್ಲನ್ನು ತೆಗೆಯುವಂತಿಲ್ಲ. ತಪ್ಪಾದರೂ ಅದು ಹಾಳೆಯ ಚರಿತ್ರೆ, ಹೊಸದನ್ನು ಅದರ ಮೇಲ್ಗಡೆ ಅಂಟಿಸಬೇಕು. ನೂರೈವತ್ತೊಂಬತ್ತನೆಯ ಹಾಳೆಯಲ್ಲಿ ಈಗ ಕೆಳಗೆ ಅವಳು ಬರೆದ ಹೆಸರು, ನಡುವೆ ನಾನು ಬರೆದದ್ದು, ಮೇಲೆ ಮತ್ತೆ ಅವಳು ಬರೆದ ಹೆಸರೇ, ನನ್ನ ಕೈಬರಹದಲ್ಲಿ. ದಿನಾಂಕದ ಜಾಗದಲ್ಲಿ ತಜ್ಞರ ಉತ್ತರ ಬಂದ ದಿನವನ್ನು ಹಾಕುವುದು ವಾಡಿಕೆ. ನಾನು ಕಾಯಿಚೀಲ ಕಿತ್ತ ದಿನವನ್ನು ಹಾಕಿದೆ. ಅದರ ಮುಂದೆ ಗಂಟೆಯನ್ನೂ ಬರೆದೆ: ಒಂಬತ್ತೂ ಕಾಲು. ಹರ್ಬೇರಿಯಂ ಲೇಬಲ್ ಮೇಲೆ ಯಾರೂ ಗಂಟೆ ಬರೆಯುವುದಿಲ್ಲ.